ಟೀಚರ್ ಹೆಸರಿನ ಸಾಲು

ಹುಲಿಗೆಮ್ಮ ಟೀಚರ್ ಮಕ್ಕಳ ಜೊತೆ ಬರೆದುಕೊಂಡ ಕರಾರಿಗೆ ಸಹಿ ಹಾಕುವಾಗ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ತಪಾಸಣೆಗೆ ಇಲಾಖೆಯ ಸಾಹೇಬರು ಶಾಲೆಗೆ ಬಂದಾಗಲೂ ಅವಸರಪಡದ ಹೆಂಗಸು, ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆಗೆ ಎದ್ದು ನಿಲ್ಲುವುದು ಕಂಡು ನಮಗೆಲ್ಲ ನಗು.

ಸಿರುಗುಪ್ಪ ತಾಲ್ಲೂಕಿನ ನಮ್ಮ ಹಳ್ಳಿಯ ಶಾಲೆಯಲ್ಲಿ ನಾನಾಗ ಎಂಟನೇ ತರಗತಿ. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಇನ್ನೊಮ್ಮೆ ಯಾರಿಗಾದರೂ ಹೊಡೆದರೆ ಟಿ.ಸಿ. ಕೊಡುವುದಾಗಿ ಹೆಡ್‌ಮಾಸ್ಟರು ಹೇಳಿಬಿಟ್ಟಿದ್ದರು. ಟಿ.ಸಿ. ಕೈಗೆ ಬಂದರೆ ಮರುದಿನದಿಂದಲೇ ಅವ್ವನ ಜೊತೆ ಹತ್ತಿ ಬಿಡಿಸಲು ಹೋಗುವುದು ಖಾತ್ರಿ. ಆಗ ಟೀಚರ್ ನನ್ನನ್ನು ಕೂರಿಸಿಕೊಂಡು ಕರಾರು ಬರೆದರು. ಮೇಲಿನ ಸಾಲು ನನ್ನದು: ಸಿಟ್ಟು ಬಂದರೆ ಕೈ ಎತ್ತದೆ ಟೀಚರ್ ಹತ್ತಿರ ಬರುವುದು. ಕೆಳಗಿನದು ಅವರದು: ಪೂರ್ತಿ ಕೇಳದೆ ಬಯ್ಯುವುದಿಲ್ಲ. ದಿನಾ ಸಂಜೆ ಅವರು ನನ್ನ ಸಾಲಿಗೆ, ನಾನು ಅವರ ಸಾಲಿಗೆ ರೈಟ್ ಇಲ್ಲವೇ ತಪ್ಪಿನ ಗುರುತು ಹಾಕಬೇಕು.

"ಟೀಚರಂತ ಅಂಜಿ ರೈಟ್ ಹಾಕಬ್ಯಾಡ ಮತ್ತ," ಎಂದಿದ್ದರು.

ಒಂದು ತಿಂಗಳು ಇಬ್ಬರೂ ನೆಟ್ಟಗಿದ್ದೆವು. ಒಂದು ದಿನ ನಲ್ಲಿಯ ಹತ್ತಿರ ಒಬ್ಬ ಹುಡುಗಿ ನನ್ನ ಅವ್ವನನ್ನು ಆಡಿಕೊಂಡಳು. ಕೈ ಕಟ್ಟಿಕೊಂಡೇ ಟೀಚರ್ ಹತ್ತಿರ ಓಡಿದೆ. ಅವರು ಯಾವುದೋ ಫಾರಂ ತುಂಬುತ್ತ, ತಲೆ ಎತ್ತದೆ, "ಮತ್ತ ಯಾರಿಗಿ ಹೊಡದು ಬಂದೀಲೇ? ನಿನ್ನಂತಾಕಿ ಸುಧಾರಸಂಗಿಲ್ಲ ಬಿಡು," ಎಂದರು. ನಾನು ವಾಪಸು ಹೋಗಿ ಆ ಹುಡುಗಿಗೆ ಹೊಡೆದೆ.

ಸಂಜೆ ಅವರ ಸಾಲಿಗೆ ತಪ್ಪಿನ ಗುರುತು ಹಾಕಿದೆ. ಟೀಚರ್ ಅದನ್ನು ನೋಡಿದರು. ನನ್ನ ಸಾಲಿಗೂ ತಪ್ಪು ಹಾಕಿ, ಹಾಳೆ ಹಿಡಿದು, ನನ್ನನ್ನೂ ಕರೆದುಕೊಂಡು ಹೆಡ್‌ಮಾಸ್ಟರ ಕೋಣೆಗೆ ನಡೆದರು.

"ಸಾರ್, ಕರಾರು ಮೊದ್ಲು ಮುರದಾಕಿ ನಾನು. ಈಕಿ ನನ್ನ ಹತ್ರ ಬಂದಿದ್ಲು, ನಾನ ಕೇಳಲಿಲ್ಲ. ಈಕಿನ್ನ ಹೊರಗ ಹಾಕೋದಾದ್ರ ನನ್ನ ಮ್ಯಾಲೂ ಸಾಹೇಬ್ರಿಗೆ ಬರೀರಿ."

ನಾನು ಹೊಡೆದ ಸುದ್ದಿ ಕೇಳಿ ಆಗಲೇ ತೆರೆದಿಟ್ಟಿದ್ದ ಟಿ.ಸಿ. ಪುಸ್ತಕವನ್ನು ಹೆಡ್‌ಮಾಸ್ಟರು ಮುಚ್ಚಿಟ್ಟರು. ಮರುದಿನ ನಾನು ಆ ಹುಡುಗಿಯ ಕ್ಷಮೆ ಕೇಳಿದೆ; ಟೀಚರ್ ಇಡೀ ತರಗತಿಯ ಎದುರು ನನ್ನ ಕ್ಷಮೆ ಕೇಳಿದರು. ದೊಡ್ಡವರೊಬ್ಬರು ನನ್ನಲ್ಲಿ ಕ್ಷಮೆ ಕೇಳಿದ್ದು ಅದೇ ಮೊದಲು.

ಈಗ ಕುರುಗೋಡಿನಲ್ಲಿ ನಾನೂ ಟೀಚರ್. ಹೋದ ವರ್ಷ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅವರನ್ನು ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು. ನನ್ನ ತರಗತಿಯ ಮಕ್ಕಳ ಕರಾರುಗಳನ್ನು ಹೆಮ್ಮೆಯಿಂದ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದರು.

"ಚಲೋ ಅದಾವ. ನಿನ್ನ ಸಾಲು ಎಲ್ಲೈತಮ್ಮ?"

ಎಲ್ಲಿಯೂ ಇರಲಿಲ್ಲ. ಇಷ್ಟು ವರ್ಷ ಮಕ್ಕಳಿಗಷ್ಟೇ ಷರತ್ತು ಹಾಕುತ್ತ ಬಂದಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ಬರೀತೀನ್ರಿ ಟೀಚರ್," ಎಂದೆ. ಹದಿನೈದು ದಿನಕ್ಕೆ ಅವರು ತೀರಿಕೊಂಡರು.

ಪೂರ್ತಿ ಕೇಳದೆ ಬಯ್ಯುವುದಿಲ್ಲ ಎಂದು ನನ್ನ ಸಾಲನ್ನೂ ಬರೆದೆ. ಹೋದ ವಾರ ಒಬ್ಬ ಹುಡುಗಿ ನನ್ನ ಸಾಲಿಗೆ ತಪ್ಪಿನ ಗುರುತು ಹಾಕಿ, ಹೆದರಿ ನನ್ನ ಮುಖ ನೋಡಿದಳು. ಅವಳ ಮಾತನ್ನು ನಾನು ಕೇಳಿರಲಿಲ್ಲ, ನಿಜ. ಇದನ್ನು ಟೀಚರಿಗೆ ಹೇಳಬೇಕೆನಿಸಿತು, ಹೇಳಲು ಅವರಿಲ್ಲ.