ಬಾಣಂತನಕ್ಕೆ ಬಂದ ಅಜ್ಜಿ

ಮಗುವಿಗೆ ನೀರು ಹಾಕುವ ಮುಂಚೆ ಅವರು ಎರಡೂ ಕೈಯ ಬಳೆಗಳನ್ನು ಮೊಣಕೈವರೆಗೆ ಏರಿಸಿ, ಕೆಳಗೆ ಜಾರದ ಹಾಗೆ ಒಂದೊಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿಕೊಳ್ಳುತ್ತಿದ್ದರು. ಬ್ರಾಕೊಲಿ ಕಟ್ಟಿಗೆ ಸುತ್ತಿ ಬರುವ ದಪ್ಪನೆಯ ನೀಲಿ ರಬ್ಬರ್ ಬ್ಯಾಂಡ್. ಬ್ರಾಕೊಲಿಯನ್ನು ಅವರು ಬಾಯಿಗಿಡುತ್ತಿರಲಿಲ್ಲ, ಆದರೆ ಅಳಿಯ ಅಂಗಡಿಗೆ ಹೊರಟರೆ ತಪ್ಪದೆ ತರಿಸುತ್ತಿದ್ದರು. ನೀರು ಹಾಕಿ ಮುಗಿಸಿ ಬ್ಯಾಂಡ್ ತೆಗೆದರೆ ಕೈಮೇಲೆ ಕೆಂಪನೆಯ ಗೆರೆ ಉಳಿಯುತ್ತಿತ್ತು. ಅದನ್ನು ಉಜ್ಜಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ಹೂಂ, ಈಗ ಹೇಳು. ನಿನ್ನೆ ಎಲ್ಲಿಗೆ ನಿಲ್ಸಿದ್ವಿ?" ಎನ್ನುತ್ತಿದ್ದರು.

ಇದು ತೊಂಬತ್ತರ ದಶಕದ ನಡುವಿನ ಮಾತು. ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ನಮ್ಮದೊಂದು ಟೌನ್‌ಹೌಸ್. ಗೋಡೆಗೆ ಗೋಡೆ ಅಂಟಿಕೊಂಡ ಪಕ್ಕದ ಮನೆಯಲ್ಲಿ ಮೈಸೂರಿನಿಂದ ಆಗಷ್ಟೇ ಬಂದಿದ್ದ ಅಂಕಲ್, ಆಂಟಿ. ಆಂಟಿಯ ಚೊಚ್ಚಲ ಬಾಣಂತನಕ್ಕೆಂದು ಅವರ ತಾಯಿ ಆರು ತಿಂಗಳ ಮಟ್ಟಿಗೆ ಬಂದರು. ನಾನು ಅವರನ್ನು ಅಜ್ಜಿ ಎಂದೇ ಕರೆದೆ. ಆಗ ಅವರಿಗೆ ಐವತ್ತೆಂಟು. ನನಗೀಗ ಆ ವಯಸ್ಸು ಅಷ್ಟೇನೂ ದೂರವಿಲ್ಲ, ಯಾರಾದರೂ ನನ್ನನ್ನು ಅಜ್ಜಿ ಎಂದರೆ ಖಂಡಿತ ಸಿಟ್ಟು ಬರುತ್ತದೆ. ಅವರಿಗೆ ಬರಲಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು, ಇಂಗ್ಲಿಷ್ ಬಾರದು, ಆದರೆ ಯಾವುದಕ್ಕೂ ಅಂಜುವವರಲ್ಲ. ಸಾಮ್ರಾಣಿ ಹೊಗೆಗೆ ಮೊದಲ ದಿನವೇ ಸ್ಮೋಕ್ ಅಲಾರ್ಮ್ ಬಡಿದುಕೊಂಡಾಗ ಆಂಟಿ ಹೌಹಾರಿದರು. ಮರುದಿನ ಅಜ್ಜಿ ಕುರ್ಚಿ ಹತ್ತಿ ಅಲಾರ್ಮಿಗೆ ಒಂದು ಶವರ್ ಕ್ಯಾಪ್ ತೊಡಿಸಿ ಇಳಿದರು. "ಅದಕ್ಕೂ ಸ್ವಲ್ಪ ತಲೆ ಬೆಚ್ಚಗಿರಲಿ" ಎಂದರು. ಹೊಗೆ ಆರಿದ ಮೇಲೆ ನೆನಪಿನಿಂದ ಕ್ಯಾಪ್ ತೆಗೆಯುವ ಕೆಲಸ ನನ್ನದಾಯಿತು.

ಆ ವರ್ಷ ನಾನು ಹೈಸ್ಕೂಲಿನಲ್ಲಿ ಎಪಿ ಅಮೆರಿಕನ್ ಹಿಸ್ಟರಿ ತೆಗೆದುಕೊಂಡಿದ್ದೆ. ಶಾಲೆಯಲ್ಲಿದ್ದಾಗಲೇ ಕಾಲೇಜಿನ ಮಟ್ಟದ ಪಾಠ ಓದಿ, ಮೇ ತಿಂಗಳಲ್ಲಿ ದೊಡ್ಡ ಪರೀಕ್ಷೆ ಬರೆಯಬೇಕು. ಐದಕ್ಕೆ ಐದು ಬಂದರೆ ಕಾಲೇಜಿನವರು ಗೌರವದಿಂದ ನೋಡುತ್ತಾರೆ ಎಂದು ಅಪ್ಪ ಯಾರಿಂದಲೋ ಕೇಳಿಕೊಂಡು ಬಂದಿದ್ದರು. ಅಪ್ಪ ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿ ರ‍್ಯಾಂಕ್ ತೆಗೆದವರು. ಅವರಿಗೆ ಗೊತ್ತಿದ್ದ ಇತಿಹಾಸದ ಓದು ಒಂದೇ. "ಬಾಯಿಪಾಠ ಮಾಡು. ಒಂದಕ್ಷರ ಆಚೀಚೆ ಆಗ್ಬಾರ್ದು. ಆಮೇಲೆ ಯಾವ ಪ್ರಶ್ನೆ ಬಂದ್ರೂ ಹೆದರ್ಕೆ ಇಲ್ಲ." ನಾನು ಹಾಗೇ ಮಾಡಿದೆ. ಹತ್ತು ವರ್ಷದವಳಾಗಿದ್ದಾಗ ಮೈಸೂರು ಬಿಟ್ಟು ಬಂದವಳು ನಾನು, ಉರು ಹೊಡೆಯುವುದು ರಕ್ತದಲ್ಲೇ ಇತ್ತು.

ಜನವರಿಯಲ್ಲಿ ಕ್ಲಾಸಿನಲ್ಲಿ ಬರೆದ ಪ್ರಬಂಧವನ್ನು ನೋಡಿದ ನಮ್ಮ ಹಿಸ್ಟರಿ ಮೇಡಂ ನನ್ನನ್ನು ಒಬ್ಬಳನ್ನೇ ಕರೆದರು. ಪುಸ್ತಕದ ಪುಟವೊಂದು ಅಲ್ಪವಿರಾಮದ ಸಮೇತ ನನ್ನ ಉತ್ತರದಲ್ಲಿತ್ತು. ಕಾಪಿ ಹೊಡೆದೆಯಾ ಎಂದು ಕೇಳಿದರು. ನಾನು ಅಳುತ್ತಾ, ಅಲ್ಲೇ ನಿಂತು ಆ ಪುಟವನ್ನು ಪೂರ್ತಿ ಒಪ್ಪಿಸಿದೆ. ಅದರ ಮುಂದಿನ ಪುಟವನ್ನೂ ಶುರು ಮಾಡಿದೆ. ಅವರು ಕೈಯೆತ್ತಿ ನಿಲ್ಲಿಸಿದರು. "ಇದೆಲ್ಲ ಪುಸ್ತಕಕ್ಕೆ ಗೊತ್ತು. ನಿನಗೇನು ಗೊತ್ತು?" ಎಂದರು. ಪರೀಕ್ಷೆಗೆ ನಾಲ್ಕು ತಿಂಗಳೂ ಇರಲಿಲ್ಲ.

ಅಮ್ಮ ಕೆಲಸದಿಂದ ಬರುವುದು ಆರು ಗಂಟೆಯಾಗುತ್ತಿತ್ತು. ಶಾಲೆ ಬಿಟ್ಟ ಮೇಲೆ ಪಕ್ಕದ ಮನೆಗೆ ಹೋಗಿ ಆಂಟಿಗೆ ಏನಾದರೂ ಬೇಕೇ ನೋಡು ಎಂದು ಅವರ ಅಪ್ಪಣೆ. ಆಂಟಿ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್ ಕಟ್ಟಿಸಿಕೊಂಡು ಮಹಡಿಯ ಮೇಲಿನ ರೂಮಿನಲ್ಲಿ ಮಲಗಿರುತ್ತಿದ್ದರು. ಅಜ್ಜಿ ಕೆಳಗೆ ಮೆಂತ್ಯ ಹುರಿಯುತ್ತಲೋ ಬೆಳ್ಳುಳ್ಳಿ ಬಿಡಿಸುತ್ತಲೋ ಇರುತ್ತಿದ್ದರು. ನಾನು ಊಟದ ಮೇಜಿಗೆ ಪುಸ್ತಕ ಹರಡಿ ಗೊಣಗುಟ್ಟುವುದನ್ನು ನಾಲ್ಕು ದಿನ ನೋಡಿದವರು ಐದನೇ ದಿನ ಕೇಳಿಯೇಬಿಟ್ಟರು.

"ಏನೇ ಅದು ಮಂತ್ರ?"

"ಹಿಸ್ಟರಿ ಅಜ್ಜಿ. ಐ ಹ್ಯಾವ್ ಎ ಟೆಸ್ಟ್."

"ನಂಗೂ ಹೇಳು, ನಾನೂ ಕೇಳ್ತೀನಿ. ಕನ್ನಡದಲ್ಲಿ ಹೇಳು."

ಹೇಳಲು ಹೊರಟರೆ ಬಾಯಿಪಾಠ ಮಾಡಿದ ಒಂದು ವಾಕ್ಯವೂ ಕೆಲಸಕ್ಕೆ ಬರಲಿಲ್ಲ. ಆರು ವರ್ಷದಲ್ಲಿ ನನ್ನ ಕನ್ನಡ ಊಟ ಆಯ್ತಾ, ನಿದ್ದೆ ಬಂತಾ ಎನ್ನುವಷ್ಟಕ್ಕೆ ಇಳಿದಿತ್ತು. ಕಾಂಗ್ರೆಸ್ಸನ್ನು, ಕಾನ್‌ಸ್ಟಿಟ್ಯೂಷನ್ನನ್ನು ಅಜ್ಜಿಗೆ ಬಿಡಿಸಿ ಹೇಳಬೇಕಾದರೆ ಮೊದಲು ಅದು ಏನೆಂದು ನನಗೆ ಅರ್ಥವಾಗಬೇಕಿತ್ತು. ಮಾತು ಸಿಗದೆ ತಡವರಿಸಿದರೆ ಅವರು ಎತ್ತಿಕೊಡುತ್ತಿದ್ದರು. ತೆರಿಗೆ, ಒಪ್ಪಂದ, ದಂಗೆ, ಗುಲಾಮಗಿರಿ, ಇವೆಲ್ಲ ನನಗೆ ಆ ಮೇಜಿನ ಮೇಲೆ ಸಿಕ್ಕ ಪದಗಳು. ಇವತ್ತು ನಾನು ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತಿದ್ದರೆ ಅದು ಅವರ ಕೊಡುಗೆ.

ಅವರು ಕೇಳುವ ರೀತಿ ಬೇರೆ. ಬಾಸ್ಟನ್ನಿನ ಜನ ಬ್ರಿಟಿಷರ ಮೇಲಿನ ಸಿಟ್ಟಿಗೆ ಹಡಗಿನ ಟೀಪುಡಿಯನ್ನೆಲ್ಲ ಸಮುದ್ರಕ್ಕೆ ಸುರಿದರು ಎಂದರೆ, "ಅಷ್ಟೊಂದು ಟೀಪುಡಿನಾ? ಮನೇಲಿ ಹೆಂಡ್ತೀರು ಸುಮ್ನಿದ್ರಾ?" ಎಂದರು. ಒಂದು ಡಾಲರ್ ನೋಟಿನ ಮೇಲಿರುವ ಮೊದಲ ಅಧ್ಯಕ್ಷ ಅವರ ಬಾಯಲ್ಲಿ ನೋಟಿನ ತಾತ ಆದ. ಅಂತರ್ಯುದ್ಧದ ಕಾಲದ ಅಧ್ಯಕ್ಷನ ಚಿತ್ರ ನೋಡಿ, "ಪಾಪ, ಈ ಬಡಕಲಪ್ಪಂಗೆ ಯಾರೂ ಸರಿಯಾಗಿ ಊಟ ಹಾಕಿಲ್ಲ" ಎಂದರು. ನಾಟಕ ನೋಡಲು ಹೋದವನನ್ನು ಹಿಂದಿನಿಂದ ಗುಂಡಿಟ್ಟು ಕೊಂದರು ಎಂದು ಹೇಳಿದ ದಿನ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಿ ಆ ಚಿತ್ರದ ಪುಟವನ್ನು ಇನ್ನೊಮ್ಮೆ ತೆಗೆಸಿ ನೋಡಿದರು.

ಒಮ್ಮೆ ದಕ್ಷಿಣದ ಹತ್ತಿ ತೋಟಗಳ ಪಾಠ. ಗುಲಾಮ ಹೆಂಗಸರು ಯಜಮಾನರ ಮಕ್ಕಳಿಗೆ ಹಾಲೂಡಿಸುತ್ತಿದ್ದರು ಎಂದು ಪುಸ್ತಕದಲ್ಲಿ ಒಂದೇ ಒಂದು ಸಾಲು ಇತ್ತು. ನಾನು ಅದನ್ನು ಹೇಳಿ ಮುಂದೆ ಓಡಿದೆ. ಅಜ್ಜಿ ಕಾಲ ಮೇಲೆ ಮಲಗಿಸಿದ್ದ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದರು.

"ನಿಲ್ಲು. ಅವಳಿಗೆ ಹಾಲಿತ್ತು ಅಂದ್ರೆ ಅವಳದ್ದೂ ಒಂದು ಮಗು ಇತ್ತಲ್ಲ. ಅದಕ್ಕೆ ಯಾರು ಕೊಡ್ತಿದ್ರು?"

ಪುಸ್ತಕದಲ್ಲಿ ಇರಲಿಲ್ಲ. ಮರುದಿನ ಮೇಡಂನ ಕೇಳಿದೆ. ಅವರೂ ಕರಿಯರೇ, ಅವರ ಹಿರಿಯರು ಸೌತ್ ಕೆರೊಲಿನಾದ ತೋಟಗಳಿಂದ ಬಂದವರು. ಬೋರ್ಡಿಗೆ ಬೆನ್ನು ಕೊಟ್ಟು ನಿಂತು, "ಈ ಪ್ರಶ್ನೆ ನಿನಗೆ ಯಾರು ಹೇಳಿಕೊಟ್ಟರು?" ಎಂದರು. ಪಕ್ಕದ ಮನೆಯ ಅಜ್ಜಿ ಎಂದೆ. ಆ ಸಂಜೆ ಲೈಬ್ರರಿಯಿಂದ ಮೂರು ಪುಸ್ತಕ ಹುಡುಕಿಕೊಟ್ಟರು. ಆಮೇಲಿನ ಪ್ರಬಂಧಗಳಲ್ಲಿ ನನ್ನ ಅಂಕ ಏರುತ್ತಾ ಹೋಯಿತು. ಅಪ್ಪ ಅದು ಬಾಯಿಪಾಠದ ಮಹಿಮೆ ಎಂದುಕೊಂಡರು. ನಾನು ತಿದ್ದಲು ಹೋಗಲಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಮಡಿಲಲ್ಲಿದ್ದ ಮಗು ಕೈಕಾಲು ಆಡಿಸುತ್ತಾ ಅಜ್ಜಿಯ ಎದೆಯ ಪಕ್ಕಕ್ಕೆ ಒಂದು ಒದೆ ಕೊಟ್ಟಿತು. ಅಂಥ ಎಳೇ ಕಾಲಿನ ಒದೆಗೆ ಅಜ್ಜಿ ಹಲ್ಲು ಕಚ್ಚಿ ಕಣ್ಣು ಮುಚ್ಚಿದರು. ಹಣೆಯಲ್ಲಿ ಬೆವರೊಡೆಯಿತು. ಏನಾಯಿತು ಎಂದು ನಾನು ಬಿಡದೆ ಕೇಳಿದಾಗ ನನ್ನ ಕೈ ಹಿಡಿದು ಬಲಗಡೆ ಕಂಕುಳ ಕೆಳಗೆ ಇಟ್ಟುಕೊಂಡರು. ರವಿಕೆಯ ಬಟ್ಟೆಯ ಅಡಿಯಲ್ಲಿ ಒಂದು ಗಂಟು, ನೆಲ್ಲಿಕಾಯಿಯಷ್ಟು ದೊಡ್ಡದು, ಗಟ್ಟಿ. ದಸರಾ ಹೊತ್ತಿನಲ್ಲೇ ಕಾಣಿಸಿತ್ತಂತೆ. ಗೊತ್ತಿದ್ದೂ ವಿಮಾನ ಹತ್ತಿದ್ದರು. ಆಗ ನಿಂಬೆ ಬೀಜದಷ್ಟಿತ್ತು ಎಂದರು.

ಅದು ಏನಿರಬಹುದೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲಾರೆ. ಶಾಲೆಯ ಹೆಲ್ತ್ ಕ್ಲಾಸಿನಲ್ಲಿ ಪಾಠ ಆಗಿತ್ತು. "ಅಜ್ಜಿ, ಇದು ಡಾಕ್ಟರ್‌ಗೆ ತೋರಿಸ್ಬೇಕು. ಈಗ್ಲೇ. ಆಂಟಿಗೆ ಹೇಳ್ತೀನಿ" ಎಂದು ಎದ್ದೆ.

ಅವರು ನನ್ನ ಕೈ ಬಿಡಲಿಲ್ಲ. "ಕೂತ್ಕೊ. ಅವಳು ಹಸಿ ಬಾಣಂತಿ. ಈ ಸುದ್ದಿ ಕಿವಿಗೆ ಬಿದ್ರೆ ಹಾಲು ಬತ್ತಿಹೋಗತ್ತೆ. ಮಗು ಏನು ಮಾಡತ್ತೆ? ಜೂನ್‌ನಲ್ಲಿ ಹೋಗ್ತೀನಲ್ಲ, ಊರಲ್ಲಿ ತೋರಿಸ್ತೀನಿ. ಮೂರು ತಿಂಗಳಲ್ಲಿ ಏನಾಗ್ಬಿಡತ್ತೆ?" ನಾನು ಒಪ್ಪದೆ ಇದ್ದಾಗ ನನ್ನ ಕೈಯನ್ನು ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. "ನನ್ನಾಣೆ. ಯಾರಿಗೂ ಹೇಳಲ್ಲ ಅನ್ನು."

ಹೇಳಲ್ಲ ಎಂದೆ.

ಆಣೆ ಮುರಿದರೆ ಯಾರ ಮೇಲೆ ಆಣೆ ಇಟ್ಟಿದ್ದೇವೋ ಅವರು ಸಾಯುತ್ತಾರೆ ಎನ್ನುವುದು ಮೈಸೂರಿನ ನಮ್ಮ ಬೀದಿಯ ಮಕ್ಕಳಿಗೆಲ್ಲ ಗೊತ್ತಿತ್ತು. ಮೇಡಂ ಮುಂದೆ ಕಾರಣ, ಪರಿಣಾಮ, ಸಾಕ್ಷ್ಯ ಎಂದು ಪಟಪಟ ವಾದಿಸುತ್ತಿದ್ದ ನಾನು ಮನೆಗೆ ಬಂದು ಆಣೆಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಹೀಗೆ ಹೇಳಿ ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ಇನ್ನರ್ಧ ಇದು: ವಿಷಯ ತಿಳಿದರೆ ಅಜ್ಜಿಯನ್ನು ಆ ವಾರವೇ ಮೈಸೂರಿಗೆ ಕಳಿಸುತ್ತಾರೆ, ಆಮೇಲೆ ನನ್ನ ಪಾಠ ಕೇಳುವವರು ಯಾರು? ಮೇ ತಿಂಗಳು ಕಳೆಯಲಿ, ಆಮೇಲೆ ನೋಡೋಣ ಎಂದು ನಾನೂ ಲೆಕ್ಕ ಹಾಕಿದ್ದೆ. ಆ ಲೆಕ್ಕವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಏಪ್ರಿಲ್‌ನಲ್ಲಿ ಅವರು ಬಲಗೈಯಲ್ಲಿ ಮಗುವನ್ನು ಎತ್ತುವುದನ್ನು ಬಿಟ್ಟರು. ಅದನ್ನು ಗಮನಿಸಿದವಳು ನಾನೊಬ್ಬಳೇ. ಪಾಠ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಮಹಾಯುದ್ಧಗಳು ಮುಗಿದವು, ಕರಿಯರು ಬಸ್ಸಿನಲ್ಲಿ ಬೇಕಾದ ಸೀಟಿನಲ್ಲಿ ಕೂರುವ ಹಕ್ಕಿಗಾಗಿ ಒಂದು ವರ್ಷ ನಡೆದೇ ಓಡಾಡಿದ್ದು ಬಂತು. "ಅದು ಹಟ ಅಂದ್ರೆ" ಎಂದು ಮೆಚ್ಚಿಕೊಂಡರು. ಪರೀಕ್ಷೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ನನ್ನ ಅಂಗೈಗೆ ಒಂದು ಚಮಚ ಮೊಸರು, ಸಕ್ಕರೆ ಹಾಕಿ, "ನಂಗೆ ಹೇಳ್ದಂಗೇ ಅವ್ರಿಗೂ ಹೇಳು" ಎಂದರು. ಒಂದು ಪ್ರಶ್ನೆಯಲ್ಲಿ ದಕ್ಷಿಣದ ತೋಟಗಳ ಬಗ್ಗೆ ಬರೆಯಲು ಅವಕಾಶವಿತ್ತು. ಆ ತಾಯಿಯ ಮಗುವಿನ ಬಗ್ಗೆ ಬರೆದೆ. ಬರೆಯುವಾಗ ಕಣ್ಣು ಮಂಜಾಗಿ ಎರಡು ಸಲ ಪೆನ್ ಕೆಳಗಿಟ್ಟೆ.

ಪರೀಕ್ಷೆ ಮುಗಿದ ಮೇಲೂ ನಾನು ಹೇಳಲಿಲ್ಲ. ಇನ್ನೇನು ಹೊರಡುತ್ತಾರಲ್ಲ ಎಂದು ನೆಪ ಹುಡುಕಿಕೊಂಡೆ. ಜೂನ್ ಕೊನೆಗೆ ಅಜ್ಜಿ ಹೊರಟರು. ವಿಮಾನ ನಿಲ್ದಾಣದಲ್ಲಿ ಆಂಟಿ ಬಿಕ್ಕಿ ಬಿಕ್ಕಿ ಅಳುವಾಗ ಅವರ ತಲೆ ಸವರಿ, ನನ್ನ ಕಡೆ ನೋಡಿ ಕಣ್ಣಲ್ಲೇ ಎಚ್ಚರಿಸಿದರು. ಜುಲೈನಲ್ಲಿ ನನಗೆ ಐದಕ್ಕೆ ಐದು ಬಂತು. ಅದೇ ವಾರ ಮೈಸೂರಿನಿಂದ ಫೋನು, ಅಜ್ಜಿಗೆ ಆಪರೇಷನ್ ಎಂದು. ತೀರ ತಡವಾಗಿ ತೋರಿಸಿದ್ದೀರಿ ಎಂದು ಡಾಕ್ಟರು ಬೈದರಂತೆ. "ಈಚೆಗೆ ಕಾಣಿಸ್ಕೊಂಡಿದ್ದು" ಎಂದು ಅವರು ಎಲ್ಲರಿಗೂ ಹೇಳಿದರು, ಮಗಳಿಗೂ ಹೇಳಿದರು. ಡಿಸೆಂಬರಿನಲ್ಲಿ ಆಂಟಿ ಮಗುವನ್ನೆತ್ತಿಕೊಂಡು ಹೋಗಿ ಒಂದು ತಿಂಗಳು ಜೊತೆಗಿದ್ದು ಬಂದರು. ಯುಗಾದಿಗೆ ಮುಂಚೆ ಅಜ್ಜಿ ಹೋಗಿಬಿಟ್ಟರು. ಗೋಡೆಯಾಚೆ ಆಂಟಿ ಅಳುವುದು ನಮ್ಮ ಮನೆಗೆ ಕೇಳಿಸುತ್ತಿತ್ತು. ನಾನು ಆಣೆ ಮುರಿದಿರಲಿಲ್ಲ, ಆದರೂ ಅವರು ಸತ್ತಿದ್ದರು.

ಮೂವತ್ತು ವರ್ಷವಾಗುತ್ತಾ ಬಂತು. ಆಂಟಿ ಈಗ ಆಶ್‌ಬರ್ನ್‌ನಲ್ಲಿದ್ದಾರೆ, ನಾನೂ ಅಲ್ಲೇ ಹತ್ತಿರದಲ್ಲಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ದಿನ ಫೋನ್ ಮಾಡಿ, "ಮ್ಯಾಮೋಗ್ರಾಮ್‌ಗೆ ಹೋಗ್ಬೇಕು ಕಣೇ. ನಿಮ್ಮಂಕಲ್ ಊರಲ್ಲಿಲ್ಲ, ಸ್ವಲ್ಪ ಡ್ರೈವ್ ಮಾಡ್ತೀಯಾ?" ಎಂದರು. ಕರೆದುಕೊಂಡು ಹೋದೆ. ಕನ್ನಡಕ ಮರೆತು ಬಂದಿದ್ದರಿಂದ ಅಲ್ಲಿ ಕೊಟ್ಟ ಫಾರಂ ನನ್ನ ಕೈಗೆ ಬಂತು. ನಾನು ಓದುವುದು, ಅವರು ಹೇಳುವುದು. ತಾಯಿಗೆ ಸ್ತನದ ಕ್ಯಾನ್ಸರ್ ಇತ್ತೇ? ಇತ್ತು. ಎಷ್ಟನೇ ವಯಸ್ಸಿನಲ್ಲಿ ಕಾಣಿಸಿಕೊಂಡಿತು?

"ಫಿಫ್ಟಿ ನೈನ್ ಅಂತ ಹಾಕು. ಇಲ್ಲಿಂದ ಹೋದ್ಮೇಲಲ್ವಾ ಗೊತ್ತಾಗಿದ್ದು."

ನಾನು ಬರೆಯಲಿಲ್ಲ. ತಾಯಿಗೆ ಬಂದ ವಯಸ್ಸನ್ನು ನೋಡಿಯೇ ಡಾಕ್ಟರು ಮಗಳಿಗಿರುವ ಅಪಾಯವನ್ನು ಅಳೆಯುವುದು. "ಐವತ್ತೆಂಟು, ಆಂಟಿ. ಇಲ್ಲಿಗೆ ಬರೋ ಮುಂಚೇನೇ ಇತ್ತು. ನಂಗೆ ಗೊತ್ತಿತ್ತು" ಎಂದೆ. ಆಮೇಲೆ ಎಲ್ಲ ಹೇಳಿದೆ. ಮಗುವಿನ ಒದೆ, ಆಣೆ, ನನ್ನ ಪರೀಕ್ಷೆ, ನಾನು ಹಾಕಿದ ಲೆಕ್ಕ, ಯಾವುದನ್ನೂ ಮುಚ್ಚಿಡಲಿಲ್ಲ.

ಆಂಟಿ ನನ್ನನ್ನು ಬೈಯಲಿಲ್ಲ. "ಹಾಲು ಬತ್ತತ್ತೆ ಅಂತ ಅಂದ್ರಾ ಅಮ್ಮ?" ಎಂದರು.

"ಹೂಂ."

"ನಂಗೆ ಫೆಬ್ರವರಿಯಲ್ಲೇ ಹಾಲು ನಿಂತುಹೋಗಿತ್ತು ಕಣೇ. ಅಮ್ಮ ಅಷ್ಟೊಂದು ಮೆಂತ್ಯ, ಬೆಳ್ಳುಳ್ಳಿ ಅಂತ ಒದ್ದಾಡ್ತಿದ್ರು. ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ ಅಂತ ರೂಮಿನ ಬಾಗಿಲು ಹಾಕ್ಕೊಂಡು ಡಬ್ಬದ ಫಾರ್ಮುಲಾ ಹಾಲು ಕುಡಿಸ್ತಿದ್ದೆ. ನಿಮ್ಮಂಕಲ್ ಬಿಟ್ರೆ ಯಾರಿಗೂ ಹೇಳಿರ್ಲಿಲ್ಲ."

ಅಷ್ಟರಲ್ಲಿ ನರ್ಸ್ ಬಂದು ಆಂಟಿಯ ಹೆಸರು ಕರೆದಳು. ಅವರು ಎದ್ದು ಚೀಲವನ್ನು ನನ್ನ ಪಕ್ಕದಲ್ಲಿಟ್ಟು, "ಐವತ್ತೆಂಟು ಅಂತಾನೇ ಬರಿ" ಎಂದು ಒಳಗೆ ಹೋದರು. ಬರೆದೆ. ಅವರು ಹೊರಗೆ ಬರುವ ತನಕ ಫಾರಂ ಹಿಡಿದುಕೊಂಡು ಅಲ್ಲೇ ಕೂತು ಅತ್ತೆ. ಹದಿನಾರನೇ ವಯಸ್ಸಿನಲ್ಲಿ ಹನ್ನೆರಡು ಮೆಟ್ಟಿಲು ಹತ್ತಿ, ಆಂಟಿಯ ರೂಮಿನ ಮುಚ್ಚಿದ ಬಾಗಿಲು ತಟ್ಟಿ ಹೇಳಬೇಕಿದ್ದ ಮಾತು ಅದು.