ಬುಖಾರಾ ತೋರಿಸಿದ ಮಾಸ್ತರು

ನಾನು, ಅವ್ವ ಸೇರಿ ಸೇಡಂ, ಚಿತ್ತಾಪುರದ ಹದಿನಾಲ್ಕು ಜನರನ್ನು ಉಜ್ಬೇಕಿಸ್ತಾನದ ಬುಖಾರಾಕ್ಕೆ ಕರೆದೊಯ್ದವರು ವಾಡಿಯ ಒಬ್ಬ ನಿವೃತ್ತ ಇತಿಹಾಸದ ಮಾಸ್ತರು. ಪ್ರತಿ ಮಸೀದಿ, ಮದರಸಾದ ಮುಂದೆ ಕನ್ನಡಕ ಹಣೆಗೇರಿಸಿ, "ಗಾಬರಿ ಆಗಬ್ಯಾಡ್ರಿ, ನಿಧಾನಕ್ಕ ನೋಡ್ರಿ" ಎನ್ನುತ್ತಿದ್ದರು.

ಹಳೆಯ ಬಜಾರಿನಲ್ಲಿ ನನ್ನ ಅವ್ವ ಕಾಣೆಯಾದಾಗಲೂ ಅದನ್ನೇ ಅಂದರು. ಫೋನಿನಲ್ಲಿದ್ದ ಅವ್ವನ ಫೋಟೋ ತೋರಿಸುತ್ತ ಅಂಗಡಿ ಅಂಗಡಿ ಇಣುಕಿದರು. ನಾನು ಅಳುತ್ತ ಬೆನ್ನುಹತ್ತಿದೆ. ಒಂದು ತಾಸಿನ ಮೇಲೆ ಅವ್ವ ರೇಷ್ಮೆ ಅಂಗಡಿಯೊಂದರಲ್ಲಿ ಸಿಕ್ಕಳು. ಅಂಗಡಿಯಾಕೆಯ ಜೊತೆ ಚಹಾ ಕುಡಿಯುತ್ತ ಕುಳಿತಿದ್ದಳು.

"ಈಕಿ ಚಾಯ್ ಅಂದಳು, ಕುಂತೆ. ನೀವು ಹುಡುಕ್ಕೋತ ಬರ್ತೀರಿ ಅಂತ ಗೊತ್ತಿತ್ತು."

ಬೈಯಲು ನಾನು ಬಾಯಿ ತೆರೆದೆ. "ಇರ್ಲಿ ಬಿಡು ತಂಗಿ, ಸಿಕ್ಕರಲ್ಲ" ಎಂದ ಮಾಸ್ತರು ಅಲ್ಲೇ ನೆಲದ ಮೇಲೆ ಕುಸಿದು ಕುಳಿತರು. ಅಂಗಡಿಯಾಕೆ ಕೊಟ್ಟ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದರೂ ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡರು. ಅವ್ವ ಬಟ್ಟಲಿಗೆ ತನ್ನ ಕೈ ಆಸರೆ ಕೊಟ್ಟು, "ಕುಡೀರಿ, ಭಾಳ ದಣಿದೀರಿ" ಎಂದಳು.