ಮಲ್ಲೂ ಕಾಕಾನ ಮಾತು

ಇನ್ನೂ ನೀರು ಕಾಣದ ಹೊಸ ಕೋರಾ ಬಟ್ಟೆಯ ಮಡಿಕೆ ಬಿಚ್ಚಿದಾಗ ಬರುವ ಗಂಜಿ, ಎಣ್ಣೆಯ ವಾಸನೆ ಎಲ್ಲೇ ಮೂಗಿಗೆ ಬಡಿದರೂ ನಾನು ಇಚಲಕರಂಜಿಯ ನಮ್ಮ ಹಳೆಯ ಮನೆಗೆ ಹೋಗಿಬಿಡುತ್ತೇನೆ. ಮುಂದೆ ವಿದ್ಯುತ್ ಮಗ್ಗಗಳು, ಹಿಂದೆ ಅಡುಗೆಮನೆ. ಮಗ್ಗಗಳ ಸದ್ದಿಗೆ ನೆಲ ನಡುಗಿ ತಾಟಿನಲ್ಲಿಯ ಸಾರೂ ಅಲುಗುತ್ತಿತ್ತು. ಆ ಮನೆಯಲ್ಲಿ ಮೆಲ್ಲಗೆ ಮಾತಾಡಿದವರೇ ಇಲ್ಲ. ಉಪ್ಪು ಬೇಕೇ ಎಂದು ಕೇಳಲಿಕ್ಕೂ ಅವ್ವ ಕೂಗಬೇಕಿತ್ತು. ಅಪ್ಪನ ತಮ್ಮ ಮಲ್ಲೂ ಕಾಕಾ ಮೂಲೆಯಲ್ಲಿ ಕುಳಿತು ಲಾಳಿಯ ಕಾಂಡಿಗೆ ನೂಲು ಸುತ್ತುತ್ತ, ನಮಗ್ಯಾರಿಗೂ ಕಾಣದವರ ಜೊತೆ ಜಗಳವಾಡುತ್ತಿದ್ದ. ಅವನ ಕಿವಿಯಲ್ಲಿ ಬೇರೆ ದನಿಗಳಿದ್ದವು. ಔಷಧ ತೆಗೆದುಕೊಂಡರೆ ತಗ್ಗುತ್ತಿದ್ದವು, ಪೂರಾ ಹೋಗುತ್ತಿರಲಿಲ್ಲ. ಎಲ್ಲರೂ ಕೂಗುವ ಮನೆಯಲ್ಲಿ ಅವನದೊಂದು ಕೂಗು ಯಾರಿಗೆ ಭಾರ? "ಏ ಮಲ್ಲೂ, ಜಗಳಾ ಆಮ್ಯಾಲ ಮಾಡಿಯಂತ, ಮೊದಲ ಕಾಂಡಿ ಕೊಡಪಾ" ಎನ್ನುತ್ತಿದ್ದರು ನೇಯುವವರು. ಕೊಡುತ್ತಿದ್ದ. ನನ್ನ ಕೈಹಿಡಿದು ಶಾಲೆಗೆ ಕರೆದೊಯ್ಯುತ್ತಿದ್ದವನೂ ಅವನೇ. ದಾರಿಯುದ್ದಕ್ಕೂ ಒಮ್ಮೆ ನನ್ನ ಜೊತೆ, ಒಮ್ಮೆ ಅವರ ಜೊತೆ ಮಾತು.

ಮಗ್ಗಗಳು ಗುಜರಿಗೆ ಹೋದ ಮೇಲೆ ನಾವು ಕೊಲ್ಹಾಪುರದ ಒಂದು ಅಪಾರ್ಟ್‌ಮೆಂಟಿಗೆ ಬಂದೆವು. ಪಕ್ಕದ ಮನೆಯವರು ಸೀನಿದರೂ ಕೇಳುವಂಥ ನಿಶ್ಶಬ್ದ. ಕಾಕಾ ಬದಲಾಗಲಿಲ್ಲ, ಗೋಡೆಗಳು ತೆಳ್ಳಗಾದವು, ಅಷ್ಟೇ. ಕೆಲವೇ ದಿನಗಳಲ್ಲಿ ಸೊಸೈಟಿಯ ಹಿರಿಯರೊಬ್ಬರು ಬಂದರು. ಗಡಹಿಂಗ್ಲಜ್ ಕಡೆಯವರು, ಕನ್ನಡ ಮಾತಾಡುವ ನಮ್ಮವರೇ. ಚಹಾ ಪೂರ್ತಿ ಕುಡಿದು, "ನಮ್ಮ ಹುಡುಗ್ರು ಅಂಜತಾವ್ರಿ. ಮೊದಲ ನಿಮ್ಮ ತಮ್ಮ ನೆಟ್ಟಗಾಗಲಿ, ಆಮ್ಯಾಲ ಕೆಳಗ ಬರಲಿ. ಇಲ್ಲಾಂದ್ರ ಎಲ್ಲರೆ ಇಡ್ರಿ" ಎಂದರು. ಇಡಬೇಕಂತೆ. ಮನುಷ್ಯನೇನು ಹಳೆಯ ಕಪಾಟೇ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಜನ ನಗುತ್ತ ಹೇಳುತ್ತಾರೆ. ಅಂದು ನನಗೆ ಮೈ ಉರಿಯಿತು. ಜನರೊಳಗೆ ಬಿಟ್ಟುಕೊಳ್ಳದೆ ಅವನು ನೆಟ್ಟಗಾಗುವುದು ಹೇಗೆ? ಯಾರ ಮೇಲೂ ಕೈ ಎತ್ತಿದವನಲ್ಲ ಅವನು. ಅವ್ವ ಕಪ್ಪು ಎತ್ತಿಕೊಳ್ಳುತ್ತ, "ಅಂವ ನಮ್ಮ ಮನೀ ಮನಿಷ್ಯಾ ಅದಾನ್ರಿ. ಎಲ್ಲೂ ಹೋಗಂಗಿಲ್ಲ" ಎಂದಳು.

ಒಳಗಿದ್ದ ಕಾಕಾ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮರುದಿನದಿಂದ ಮಾತು ಉಕ್ಕಿದಾಗಲೆಲ್ಲ ಟವೆಲ್ಲನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಳ್ಳತೊಡಗಿದ. ಕಣ್ಣಲ್ಲಿ ನೀರು ಬರುತ್ತಿತ್ತು. ಅವ್ವ ಕಿತ್ತು ಎಸೆದರೆ, "ಇರಲಿ ಬಿಡ್ರಿ ವೈನಿ. ನನ್ನ ಕಳಸಬ್ಯಾಡ್ರಿ" ಎನ್ನುತ್ತಿದ್ದ. ಬರಬರುತ್ತ ಆ ಮಾತೇ ನಿಂತು ಟವೆಲ್ಲೂ ಬೇಕಾಗಲಿಲ್ಲ. ನಮ್ಮ ಜೊತೆಗಿನ ಮಾತೂ ಅದರೊಂದಿಗೇ ಹೋಯಿತು. ನಮ್ಮ ಕಾಕಾ ಸತ್ತಿಲ್ಲ, ಆದರೂ ಅವನನ್ನು ಕಳೆದುಕೊಂಡವರ ಹಾಗೆ ನಾವು ಬದುಕುತ್ತಿದ್ದೇವೆ.

ಮೊನ್ನೆ ತವರಿಗೆ ಹೋದಾಗ ಅದೇ ಹಿರಿಯರು ಮೆಟ್ಟಿಲ ಮೇಲೆ ಸಿಕ್ಕರು. "ನಿಮ್ಮ ಕಾಕಾ ಈಗ ಭಾಳ ಸುಧಾರಿಸ್ಯಾರ ನೋಡ್ರಿ, ಅಗದೀ ಶಾಂತ" ಎಂದು ಹೊಗಳಿದರು. ಅವರನ್ನು ದಾಟಿ ಒಳಗೆ ಹೋದೆ. ಕಿಟಕಿಯ ಬಳಿ ಕುಳಿತಿದ್ದ ಕಾಕಾನ ಪಕ್ಕ ಕೂತು, "ಕಾಕಾ, ಇಲ್ಲಿ ನಾನೊಬ್ಬಾಕಿನ ಅದೇನಿ. ಜೋರಾಗಿ ಮಾತಾಡು" ಎಂದೆ. ಅವನು ಗಾಬರಿಯಿಂದ ಬಾಗಿಲ ಕಡೆ ನೋಡಿ, ತನ್ನ ಬೆರಳನ್ನು ನನ್ನ ತುಟಿಯ ಮೇಲಿಟ್ಟ.